ಒಂದೇ ರೇಟಿನ ದೊಡ್ಡ ಪಿಸ್ಟನ್ನು

ಕೋಪ ಮಾಡಿಕೊಳ್ಳಬೇಡ ಎಂದು ನನಗೆ ಬುದ್ಧಿ ಹೇಳದವರಿಲ್ಲ. ಹೇಳುವವರು ಯಾರಪ್ಪಾ ಅಂದರೆ, ಇಂಜಿನ್ನಿನ ಒಳಗೆ ಏನಿದೆ ಎಂದು ಒಂದು ದಿನವೂ ಬಗ್ಗಿ ನೋಡದವರು. ಅವರಿಗೆ ಕೋಪ ಯಾಕೆ ಬರುತ್ತದೆ? ಬಾನೆಟ್ಟು ಮುಚ್ಚಿದ್ದರೆ ಪ್ರಪಂಚದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಾನು ತೆರೆದು ನೋಡಿದವನು. ಅದಕ್ಕೇ ಉರಿಯುತ್ತಿದ್ದೇನೆ.

ನಮ್ಮ ದೊಡ್ಡಪ್ಪನದು ಒಂದು ಬಾಡಿಗೆ ಕಾರು. ಹೊಳೆನರಸೀಪುರದಿಂದ ಅರಕಲಗೂಡಿಗೋ ಹಾಸನಕ್ಕೋ ಜನ ಕರೆದ ಕಡೆ ಹೋಗುತ್ತದೆ. ನಾಲ್ಕು ಸಿಲಿಂಡರಿನ ವಿಲಾಯಿತಿ ಗಾಡಿ, ಮಹಾಯುದ್ಧಕ್ಕೂ ಮುಂಚಿನದು. ಈಚೆಗೆ ಅದು ಎಣ್ಣೆ ಕುಡಿದು ನೀಲಿ ಹೊಗೆ ಬಿಡಲು ಶುರು ಮಾಡಿತ್ತು. ಹಳೇಕೋಟೆ ದಾಟುವಷ್ಟರಲ್ಲಿ ಹಿಂದಿನ ಸೀಟಿನ ಬಿಳಿ ಪಂಚೆಗಳೆಲ್ಲ ಬೂದಿ ಬಣ್ಣ. ಇಂಜಿನ್ ಬಿಚ್ಚಿ ಹೊಸ ಪಿಸ್ಟನ್ ಹಾಕಬೇಕು, ನಾನೇ ಹಾಕುತ್ತೇನೆ ಎಂದೆ. ನನಗೆ ಗುರು ಯಾರೂ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೆಟ್ಟು ನಿಂತ ಗಾಡಿಗಳ ಪಕ್ಕ ನಿಂತು, ಡ್ರೈವರುಗಳ ಕೈಲಿ ಬೈಸಿಕೊಂಡು ಕಲಿತದ್ದೇ ವಿದ್ಯೆ. ದೊಡ್ಡಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಬಿಚ್ಚು. ಓಡುದ್ರೆ ಮನೆ ಪಕ್ಕದ್ ಶೆಡ್ಡು ನಿಂಗೇಯ, ರಿಪೇರಿ ಅಂಗಡಿ ಇಕ್ಕ. ಓಡ್ಲಿಲ್ಲ ಅಂದ್ರೆ ಸುಮ್ಕೆ ಆಸನಕ್ಕೋಗಿ ಟೈಪಿಂಗ್ ಕಲ್ತ್ಕ. ಆಮ್ಯಾಲೆ ಸೊಲ್ಲೆತ್ತಂಗಿಲ್ಲ ಕಣ್ಲಾ.”

ಬಿಚ್ಚಿದೆ. ಪುಣ್ಯಕ್ಕೆ ಆ ಇಂಜಿನ್ನಿಗೆ ಹಿಂದೆ ಯಾರೂ ಕೈ ಹಾಕಿರಲಿಲ್ಲ. ಇದು ಎಂಥ ಪುಣ್ಯ ಎಂದು ನಿಮಗೆ ಗೊತ್ತಾಗಬೇಕು. ಒಳಗೆ ಪಿಸ್ಟನ್ ಓಡಾಡಿ ಸಿಲಿಂಡರು ಸವೆದರೆ ಲೇತಿನವನು ಅದರ ಗೋಡೆಯನ್ನು ಕೂದಲೆಳೆಯಷ್ಟು ಕೊರೆದು ಅಗಲ ಮಾಡುತ್ತಾನೆ. ಆ ಅಗಲಕ್ಕೆ ಒಂದು ಸೈಜು ದೊಡ್ಡ ಪಿಸ್ಟನ್ ಕೂರುತ್ತದೆ. ಮುಂದೆ ಮತ್ತೆ ಸವೆದರೆ ಎರಡನೆಯ ಸೈಜು, ಆಮೇಲೆ ಮೂರನೆಯದು. ಅಷ್ಟೇ. ಅದರಾಚೆ ಕೊರೆಯಲು ಗೋಡೆಯೇ ಇರುವುದಿಲ್ಲ. ಅಂದರೆ ನಮ್ಮ ಗಾಡಿಗೆ ಇನ್ನೂ ಮೂರು ಆಯುಸ್ಸು ಬಾಕಿ ಇತ್ತು.

ನಾಲ್ಕೂ ಸಿಲಿಂಡರಿರುವ ಬ್ಲಾಕನ್ನು ಬಸ್ಸಿನ ಮೇಲೆ ಹಾಕಿಕೊಂಡು ಹಾಸನಕ್ಕೆ ಹೋಗಿ ಲೇತಿನವನ ಹತ್ತಿರ ಬಿಟ್ಟು, ಬಿಡಿಭಾಗದ ಅಂಗಡಿಗೆ ನಡೆದೆ. ಅಂಗಡಿಯವರು ಮೊದಲು ವಿಲಾಯಿತಿ ಪಿಸ್ಟನ್ ತೆಗೆದರು, ಬೆಳ್ಳಿ ದೀಪ ತೋರಿಸುವ ಹಾಗೆ ಎರಡೂ ಕೈಲಿ ಹಿಡಿದು. ಬೆಲೆ ಕೇಳಿ ನಾನೇ ವಾಪಸ್ ಡಬ್ಬಿಗೆ ಇಟ್ಟೆ. ಆಮೇಲೆ ಯಾವುದೋ ಗಾಡಿಯಿಂದ ಬಿಚ್ಚಿದ್ದನ್ನು ಹುಣಸೇಹಣ್ಣಿನಲ್ಲಿ ಉಜ್ಜಿ ತಂದು, “ಒಸಾದ್ಕಿಂತ ಚೆನ್ನಾಗದೆ, ಪಳಗಿರೋದು” ಎಂದರು. ಪಿಸ್ಟನ್ ಏನು ಎತ್ತೇ, ಪಳಗಿಸುವುದಕ್ಕೆ? ಕೊನೆಗೆ ನಮ್ಮ ದೇಶದ್ದೇ ಒಂದು ಸೆಟ್ಟು ಒಪ್ಪಿದೆ. ಅರಕಲಗೂಡಿಗೆ ಮದುವೆ ದಿಬ್ಬಣ ಹೊರುವ ಗಾಡಿಗೆ ಅದು ಧಾರಾಳವಾಯಿತು. ನಾಲ್ಕರ ತೂಕವೂ ಒಂದೇ ಇರಬೇಕಲ್ಲ? ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿಸಿದೆ. ಶೆಟ್ಟರು, “ಇದ್ರಲ್ಲಿ ಏನ್ ಬೇಯಿಸ್ತೀಯಪ್ಪಾ?” ಎಂದು ಕೇಳಿದರು. ಮೊದಲನೆಯ ಸೈಜನ್ನು ಎತ್ತಿಡಿಸಿ, ನಾಳೆ ದೊಡ್ಡಪ್ಪ ದುಡ್ಡು ತಂದು ತೆಗೆದುಕೊಳ್ಳುತ್ತಾರೆ ಎಂದು ಹೇಳಿ, ಗೆದ್ದವನ ಹಾಗೆ ಊರಿಗೆ ಬಂದೆ.

ಮಾರನೆಯ ದಿನ ದೊಡ್ಡಪ್ಪ ಹಾಸನಕ್ಕೆ ಹೋದ. ಪಿಸ್ಟನ್ನು ಕೊಂಡು, ಲೇತಿನವನಿಗೆ ಕೊಟ್ಟು, ಎದುರಿಗೇ ಕೂತು ಬ್ಲಾಕು ಕೊರೆಸಿಕೊಂಡು ಬಂದ. ನಾನು ಡಬ್ಬಿ ತಿರುಗಿಸಿ ನೋಡಿದೆ. ಮೂರನೆಯ ಸೈಜು!

“ದೊಡ್ಡಪ್ಪಾ, ಇದೇನ್ ಮಾಡ್ಕಂಡ್ ಬಂದೆ?”

“ಒಂದೇ ರೇಟು ಕಣ್ಲಾ! ಚಿಕ್ಕುದ್ಕೂ ಅಷ್ಟೇಯ, ದೊಡ್ಡುದ್ಕೂ ಅಷ್ಟೇಯ. ದೊಡ್ಡುದ್ ಬುಟ್ಟು ಚಿಕ್ಕುದ್ ತರಾಕೆ ನಂಗೇನ್ ತಲೆ ಕೆಟ್ಟಿತ್ತಾ? ನೀನಾರ ಒಸಿ ವಿಚಾರಿಸ್ಬಾರ್ದಾ?”

ನಮ್ಮ ಮನೆಯಲ್ಲಿ ಯಾರಿಗೂ ಅಳತೆಯ ಬಟ್ಟೆ ತಂದದ್ದಿಲ್ಲ. ಬೆಳೆಯುವ ಮಕ್ಕಳು ಎಂದು ಅಂಗಿಯನ್ನು ಮೊಣಕಾಲಿನವರೆಗೆ ಹೊಲಿಸುತ್ತಿದ್ದರು. ಆದರೆ ಇಂಜಿನ್ನು ಬೆಳೆಯುತ್ತದೆಯೇ? ಮೂರರಲ್ಲಿ ಎರಡು ಆಯುಸ್ಸನ್ನು ಒಂದೇ ಮಧ್ಯಾಹ್ನ, ಕಾಫಿ ಕುಡಿಯುತ್ತಾ, ಕೊರೆಸಿ ಎಸೆದು ಬಂದಿದ್ದನಲ್ಲ! ಕೂಗಾಡಿದೆ. ನೆಲಕ್ಕೆ ಸ್ಪ್ಯಾನರ್ ಬಡಿದೆ. ದೊಡ್ಡಮ್ಮ ಒಳಗಿನಿಂದ, “ಒಟ್ಟೆ ಅಸ್ದಿರ್ಬೇಕು, ಅದ್ಕೇ ಅಂಗಾಡ್ತವ್ನೆ” ಎಂದು ರೊಟ್ಟಿ ಕಳಿಸಿದಳು. ಅದನ್ನು ತಿಂದದ್ದು ಇನ್ನೊಂದು ಅವಮಾನ.

ಹಲ್ಲು ಕಚ್ಚಿ ಇಂಜಿನ್ ಕಟ್ಟಿದೆ. ಕೆಟ್ಟರೆ ಟೈಪಿಂಗ್. ಆದರೆ ಆ ದರಿದ್ರ ಗಾಡಿ ಹ್ಯಾಂಡಲ್ ತಿರುಗಿಸಿದ ಕೂಡಲೇ ಹಿಡಿಯಿತು. ಹೊಗೆಯಿಲ್ಲ, ಸದ್ದಿಲ್ಲ, ಐದು ಜನ ಕೂತರೂ ಏರಿನಲ್ಲಿ ಸಲೀಸಾಗಿ ಹೋಯಿತು. ಹೊಸ ಪಿಸ್ಟನ್ನು ಯಾವ ಸೈಜಿನದಾದರೂ ಮೊದಮೊದಲು ಹಾಗೇ ಓಡುತ್ತದೆ ಎಂದು ಕಂಡಕಂಡವರಿಗೆ ಹೇಳಿದೆ. ಯಾರು ಕೇಳುತ್ತಾರೆ? ಮಾತಿನಂತೆ ಶೆಡ್ಡಿನ ಬೀಗದಕೈ ನನಗೆ ಬಂತು.

ಮೊದಲ ಗಿರಾಕಿ ಚನ್ನರಾಯಪಟ್ಟಣದ ಬಟ್ಟೆ ಅಂಗಡಿಯ ಸಾಹುಕಾರರು. ಅವರದೂ ಹೊಗೆ ಬಿಡುವ ಕಾರು.

“ಏನ್ ಎಳೀತದಯ್ಯ ನಿನ್ ಗಾಡಿ! ಪಿಸ್ಟನ್ ಆರಿಸಿದ್ದು ಯಾರು?” ಎಂದು ದೊಡ್ಡಪ್ಪನನ್ನು ಕೇಳಿದರು.

ಕೂಡಿಟ್ಟ ಕೋಪವೆಲ್ಲ ಗಂಟಲಿಗೆ ಬಂತು. ಇವತ್ತು ಎಲ್ಲ ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಪ್ಪ ನನ್ನ ಬೆನ್ನು ತಟ್ಟಿದ.

“ಇನ್ಯಾರು ಸಾ, ನಮ್ ಉಡುಗ್ನೇಯ. ನಂಗೇನ್ ಗೊತ್ತಾಯ್ತದೆ ಅವೆಲ್ಲ?”

ಸಾಹುಕಾರರು ನನ್ನತ್ತ ತಿರುಗಿದರು. “ಹೌದೇನಯ್ಯ?”

“ಹೌದು ಸಾ,” ಎಂದೆ.

ಮುಖ ಕಾಣದಿರಲಿ ಎಂದು ಅವರ ಗಾಡಿಯ ಕೆಳಗೆ ನುಸುಳಿಕೊಂಡೆ. ಅಲ್ಲಿ ಅಂಗಾತ ಮಲಗಿ ಬಾಯಿಗೆ ಬಂದ ಹಾಗೆ ಬೈದೆ. ದೊಡ್ಡಪ್ಪನನ್ನಲ್ಲ, ಆ ಪಿಸ್ಟನ್ ಆರಿಸಿದ ಮೆಕ್ಯಾನಿಕ್ಕನ್ನು.