ಭಾವನವರ ಬೆರ್ಬರ್ ಕಣಜ

ನಮ್ಮ ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ತಮ್ಮ ಮದುವೆಯ ದಿನ ನೆನಪಿರುವುದಿಲ್ಲ. ಆದರೆ ಎರಡು ಸಾವಿರ ವರ್ಷಕ್ಕೂ ಹಿಂದೆ ಉತ್ತರ ಆಫ್ರಿಕದಲ್ಲಿ ಆಳಿದ ಮಸಿನಿಸ್ಸ ಎಂಬ ಬೆರ್ಬರ್ ಜನಾಂಗದ ರಾಜ ತೊಂಬತ್ತರ ಹತ್ತಿರ ಬಂದರೂ ಜೀನು ಹಾಕದೆ ಕುದುರೆ ಏರುತ್ತಿದ್ದ ಎಂಬುದು ಮಾತ್ರ ನಿನ್ನೆ ಪಕ್ಕದಲ್ಲೇ ನಿಂತು ನೋಡಿದಷ್ಟು ನೆನಪು. ಬೆರ್ಬರ್ ಅಂದರೆ ಯಾರು ಎಂದು ಅವರೆದುರು ಮಾತ್ರ ಕೇಳಬೇಡಿ. ನಾನು ಒಮ್ಮೆ ಕೇಳಿದ್ದೆ. ಒಲೆಯ ಮೇಲಿದ್ದ ಹಾಲು ಉಕ್ಕಿ, ಆರಿ, ಕೆನೆಗಟ್ಟಿದರೂ ಅವರಿನ್ನೂ ಆ ಕಾಲದ ಕಾರ್ತೇಜ್ ಪಟ್ಟಣದ ಹತ್ತಿರವೇ ಇದ್ದರು.

ಅವರ ಮನೆ ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ. ನೀರಿನ ಪೈಪು ಹಾಕಿಸುವ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಸಹಾರಾದ ಪುರಾತನರು ನೆಲದಡಿ ಕಾಲುವೆ ಕೊರೆದು ನೀರು ತಂದಿದ್ದರು ಎಂದು ಎಲ್ಲೋ ಓದಿದ್ದೇ ನೆಪ, ಆ ಕಾಲುವೆಗೆ ಇಳಿದವರು ಇನ್ನೂ ಮೇಲೆ ಬಂದಿಲ್ಲ. ಪ್ರತಿ ಭಾನುವಾರ ಸಿಡ್ನಿಯಲ್ಲಿರುವ ನಮಗೆ ಫೋನ್. ನಮ್ಮ ಮನೆಯಲ್ಲಿ ಆ ಫೋನು ಬಿಸಿ ಬಾಣಲೆಯ ಹಾಗೆ ಕೈಯಿಂದ ಕೈಗೆ ಹೋಗುತ್ತಿತ್ತು. ಮಗಳು "ದೊಡ್ಡಪ್ಪ, ಅಸೈನ್‌ಮೆಂಟ್ ಇದೆ" ಅನ್ನುತ್ತಿದ್ದಳು. ನಮ್ಮವರಿಗೆ ಸರಿಯಾಗಿ ಆಗಲೇ ಸ್ನಾನದ ನೆನಪಾಗುತ್ತಿತ್ತು. ಕೊನೆಗೆ ಉಳಿಯುತ್ತಿದ್ದವಳು ನಾನು.

ಒಂದು ಚಳಿಗಾಲದ ಬೆಳಿಗ್ಗೆ ಭಾವನವರು ಹೆಂಡತಿಯ ಕಪ್ಪು ಶಾಲನ್ನು ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಸುತ್ತಿಕೊಂಡು ಕಸದ ಬಿನ್ ಎಳೆದುಕೊಂಡು ಹೊರಟರು. ಎದುರುಮನೆಯಾಕೆ ನಾಯಿಯನ್ನು ಎತ್ತಿಕೊಂಡು ಒಳಗೆ ಓಡಿದರಂತೆ.

"ಮರುಭೂಮಿಯ ಗಂಡಸರು ಹೀಗೇ ಮುಖ ಮುಚ್ಕೊಂಡು ಬಂದು ಮರಾಕೇಶ್ ಪಟ್ಟಣ ಕಟ್ಟಿದ್ದು, ಗೊತ್ತೇನೆ?"

"ಕಟ್ಟಲಿ ಬಿಡಿ. ಇವತ್ತು ಹಳದಿ ಮುಚ್ಚಳದ್ದು ಇಡ್ಬೇಕಿತ್ತು. ನೀವಿಟ್ಟಿರೋದು ಹಸಿರುದು" ಅಂದರು ನನ್ನ ಓರಗಿತ್ತಿ. ನಾನು ಅವರನ್ನು ಅಕ್ಕ ಅನ್ನುತ್ತೇನೆ.

ಐದು ವರ್ಷದ ಹಿಂದೆ ನಾವೂ ಮೆಲ್ಬರ್ನಿನಲ್ಲೇ ಇದ್ದೆವು. ನಮ್ಮವರ ಕೆಲಸ ಹೋಯಿತು, ಮನೆ ಬಿಡಬೇಕಾಯಿತು. ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಆರು ತಿಂಗಳ ಕಾಂಟ್ರಾಕ್ಟ್ ಸಿಕ್ಕಿತು. ಅಲ್ಲಿ ಹಿಡಿದದ್ದು ಒಂದೇ ಕೋಣೆ. ಹತ್ತೊಂಬತ್ತು ಪೆಟ್ಟಿಗೆ ಸಂಸಾರವನ್ನು ಎಲ್ಲಿಡುವುದು? "ಅಣ್ಣನಿಗೆ ಟ್ರಾನ್ಸ್‌ಫರ್ ಅಂತ ಹೇಳು. ಅವನ ಮುಂದೆ ಕೈ ಚಾಚಲ್ಲ ನಾನು" ಎಂದು ಇವರ ಹಟ. ಇರುವುದನ್ನೆಲ್ಲ ಮಾರೋಣ ಎಂದು ಮೈಸೂರಿನಿಂದ ಹೊತ್ತು ತಂದ ನನ್ನ ಗ್ರೈಂಡರಿನ ಫೋಟೋವನ್ನೂ ಕನ್ನಡದವರ ಗ್ರೂಪಿನಲ್ಲಿ ಹಾಕಿದ್ದಾಯಿತು.

ಅದೇ ವಾರ ಭಾವನವರ ಫೋನು. "ಏನಮ್ಮ, ಅಗಾದೀರ್ ಅಂದ್ರೆ ಗೊತ್ತಾ?"

ನಮಗೋ ಕುತ್ತಿಗೆಗೆ ಬಂದಿದೆ, ಇವರದು ಅಗಾದೀರ್. "ಇಲ್ಲ ಭಾವ" ಅಂದೆ.

"ಬೆರ್ಬರ್ ಹಳ್ಳಿಗಳ ಕಣಜ. ಊರಿಗೆಲ್ಲ ಒಂದೇ ಕೋಟೆ, ಒಳಗೆ ಮನೆಗೊಂದು ಗೂಡು, ಗೂಡಿಗೊಂದು ಬೀಗ. ಧಾನ್ಯ, ಒಡವೆ, ಪತ್ರ ಎಲ್ಲ ಅಲ್ಲೇ. ನಾನೂ ಗ್ಯಾರೇಜಲ್ಲಿ ಒಂದು ಮಾಡಿದೀನಿ. ಆದ್ರೆ ಸಾಮಾನಿಲ್ದೇ ಇದ್ರೆ ಅದೆಂಥ ಕಣಜ? ನಿಮ್ಮದೇ ತಂದಿಡಿ, ನನ್ನ ಪ್ರಯೋಗಕ್ಕೆ."

ಪ್ರಯೋಗವಂತೆ! "ಅಣ್ಣನ ಹುಚ್ಚು, ಪಾಪ, ಸಂತೋಷಪಡಲಿ" ಎಂದು ನಮ್ಮವರು ಉಪಕಾರ ಮಾಡುವವರ ಗತ್ತಿನಲ್ಲಿ ವ್ಯಾನ್ ಬುಕ್ ಮಾಡಿದರು.

ಹೋಗಿ ನೋಡಿದರೆ ಕಾರು ಬಿಸಿಲಿಗೆ ಬಿದ್ದಿದೆ, ಗ್ಯಾರೇಜಿನೊಳಗೆ ಹಲಗೆ ಹೊಡೆದ ಎಂಟು ಗೂಡು. ಬಾಗಿಲ ಬುಡದಲ್ಲೊಂದು ತೂತು. ಅಗಾದೀರಿನಲ್ಲಿ ಇಲಿ ಹಿಡಿಯುವ ಬೆಕ್ಕಿಗೆಂದು ಹಾಗೇ ಬಿಡುತ್ತಿದ್ದರಂತೆ. ಬೆಕ್ಕೇನೋ ಬಂತು. ಒಂದು ಇಲಿಯನ್ನೂ ಹಿಡಿಯದೆ, ಹಲಗೆ ಸಂದಿಯಲ್ಲಿ ನುಸುಳಿ ನಮ್ಮ ಹಾಸಿಗೆ ಗಂಟಿನ ಮೇಲೆ ಮೂರು ಮರಿ ಹಾಕಿತು.

ಭಾವನವರು ಕೀಲಿಯನ್ನು ನನ್ನ ಕೈಗಿಟ್ಟು ನಿಯಮ ಹೇಳಿದರು. ಕಾಯುವವನು ಗೂಡು ತೆಗೆಯಬಾರದು. ಒಳಗೇನಿದೆ ಕೇಳಬಾರದು. ಯಾವಾಗ ಒಯ್ಯುತ್ತೀರಿ ಎಂದೂ ಕೇಳಬಾರದು.

ನಿಯಮ ಎಂದರೆ ನಿಯಮ. ಆಮೇಲೆ ಬೇರೆಯವರೂ ಸಾಮಾನು ಇಡತೊಡಗಿದರು. ಇಂಡಿಯಾಕ್ಕೆ ಹೋದ ಒಂದು ಸಂಸಾರ ಗೂಡಿನಲ್ಲಿ ಈರುಳ್ಳಿ ಚೀಲ ಮರೆತಿತ್ತು. ಮನೆಯೆಲ್ಲ ನಾತ.

"ಬೀಗ ಒಡೀರಿ ಅಂದ್ರೆ" ಅಕ್ಕ ಮೂಗಿಗೆ ಸೆರಗು ಹಿಡಿದು ಹೇಳಿದರು.

"ಕಾಯೋನು ತೆಗೆಯೋ ಹಾಗಿಲ್ಲ ಕಣೆ."

"ಹಾಗಾದ್ರೆ ಕಾಯೋನು ಅಲ್ಲೇ ಮಲಗಲಿ."

ಆ ಸಂಸಾರ ವಾಪಸು ಬರುವವರೆಗೆ ಭಾವನವರು ಮೂರು ವಾರ ಊದುಬತ್ತಿ ಹಚ್ಚಿಟ್ಟರೇ ಹೊರತು ಬೀಗ ಮುಟ್ಟಲಿಲ್ಲ.

ನಮ್ಮ ಆರು ತಿಂಗಳು ನಾಲ್ಕು ವರ್ಷವಾಯಿತು. ಹೋದ ವರ್ಷ ಮಾರ್ಟ್‌ಗೇಜ್ ಸಿಕ್ಕು ಸಿಡ್ನಿಯ ಪ್ಯಾರಮಟ್ಟಾದಲ್ಲಿ ಮನೆಯಾಯಿತು, ಸಾಮಾನು ತರಲು ಹೋದೆವು. ಇವರು ಪೆಟ್ಟಿಗೆ ಹೊರುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಅಕ್ಕನಿಗೆ, "ಭಾವ ಸರಿಯಾಗಿ ಆ ಹೊತ್ತಿಗೇ ಕಣಜದ ಪುಸ್ತಕ ಓದಿದ್ದು ನಮ್ಮ ಪುಣ್ಯ" ಅಂದೆ.

ಅಕ್ಕ ದೋಸೆ ಮಗುಚಿದರು. "ಓದಿದ್ದು ಯಾವ ಕಾಲಕ್ಕೋ. ಆ ವಾರ ನಿನ್ನ ಗ್ರೈಂಡರ್ ಫೋಟೋ ನೋಡಿದ್ರು. ಅವತ್ತೇ ಹೋಗಿ ಹಲಗೆ ತಂದ್ರು. ಇದೆಲ್ಲ ಯಾಕ್ರೀ, ಇಲ್ಲಿಡೋ ಅಂತ ನೇರವಾಗಿ ಹೇಳಿ ಅಂದೆ. 'ಹಾಗಂದ್ರೆ ಅವನು ಇಡಲ್ಲ, ನನಗೆ ಹುಚ್ಚು ಅಂದ್ಕೊಂಡ್ರೆ ಇಡ್ತಾನೆ' ಅಂದ್ರು."

ಹೊರಡುವಾಗ ಕೀಲಿ ಕೊಡಲು ಹೋದೆ. ಭಾವನವರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಕೀಲಿ ಮನೆಯೋರ ಹತ್ರಾನೇ ಇರ್ಬೇಕಮ್ಮ. ಅದೂ ನಿಯಮ."

ಯಾವ ಶತಮಾನದ ನಿಯಮವೋ, ನಾನು ಕೇಳಲಿಲ್ಲ. ದಾರಿಯಲ್ಲಿ ಅಕ್ಕ ಹೇಳಿದ್ದನ್ನು ಇವರಿಗೆ ಹೇಳಿದೆ.

ಆ ಕೀಲಿ ಈಗ ನಮ್ಮ ಅಡುಗೆಮನೆಯ ಮೊಳೆಯಲ್ಲಿ, ಗ್ರೈಂಡರಿನ ಮೇಲೆ ತೂಗುತ್ತದೆ. ನಾವು ಸಿಡ್ನಿಗೆ ಮರಳಿದ ಮೇಲಿನ ಮೊದಲ ಭಾನುವಾರ ಫೋನು ಬಂತು. ಸ್ಪೀಕರಿಗೆ ಹಾಕಿ ಬೀನ್ಸ್ ಮುರಿಯುತ್ತ ಕೂತೆ.

"ಏನಮ್ಮ, ಮಸಿನಿಸ್ಸನ ಕಥೆ ಎಲ್ಲಿಗೆ ನಿಲ್ಲಿಸಿದ್ದೆ?"

ನಾನು ಬಾಯಿ ತೆರೆಯುವ ಮೊದಲೇ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾತ್‌ರೂಮಿನ ಬಾಗಿಲವರೆಗೆ ಹೋಗಿದ್ದ ನಮ್ಮವರು ತಿರುಗಿ ಬಂದು ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡರು.

"ಕುದುರೆ ಹತ್ತಿದ್ದ, ಅಣ್ಣ. ಆಮೇಲೆ?"