ಹೋಗಿಬರುತ್ತೇನೆ ಎಂದು ಬರೆದ ತಪ್ಪು

ತಪ್ಪು ಮಾಡುವುದರಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೇನೆ. ಏಕಾದಶಿಯೆಂದು ದಶಮಿಯ ದಿನ ಉಪವಾಸವಿದ್ದು, ಮರುದಿನ ಹೊಟ್ಟೆ ತುಂಬ ಉಂಡಿದ್ದೇನೆ. ಉಪ್ಪಾದ ಸಾರಿಗೆ ನೀರು ಬೆರೆಸಿ ಸರಿಮಾಡಿದೆ. ಉಪವಾಸದ ವಿಷಯದಲ್ಲಿ ದೇವರು ದೊಡ್ಡವನು, ಕಂಡೂ ಕಾಣದ ಹಾಗಿದ್ದ. ಆದರೆ ಅಂಚೆಯ ಡಬ್ಬಿಗೆ ಬಿದ್ದ ತಪ್ಪಿಗೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಮಗಳು ರತ್ನ ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲು ಮುಗಿಸಿ ಬೆಂಗಳೂರಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದಳು. ಹಾಸ್ಟೆಲಿನಲ್ಲಿದ್ದು ಓದಬೇಕೆಂಬುದು ಅವಳ ದೊಡ್ಡ ಆಸೆ. ಅರ್ಜಿಯ ಜೊತೆ ತಾನು ಏಕೆ ಓದಬೇಕೆಂದು ಒಂದು ಪುಟದ ಪ್ರಬಂಧ ಬೇಕಿತ್ತು. ಚೆನ್ನಾಗಿಯೇ ಬರೆದಳು, ಆದರೆ ಅಕ್ಷರ ಕೋಳಿ ಕೆದರಿದ ಹಾಗೆ. ರಾಮನಾಮ ಬರೆದು ಬರೆದು ನನ್ನ ಅಕ್ಷರ ದುಂಡಗಾಗಿದೆ ಎಂದು ನಕಲು ತೆಗೆಯುವ ಕೆಲಸ ನನಗೆ ಬಿತ್ತು. ಯುದ್ಧದ ದೆಸೆಯಿಂದ ಒಳ್ಳೆಯ ಕಾಗದ ಸಿಗುವುದೇ ಕಷ್ಟ. ಇದ್ದದ್ದು ಒಂದೇ ಹಾಳೆ. ಚಿತ್ತಿಲ್ಲದೆ ಬರೆದೆ. ಕೊನೆಯ ಸಾಲು: 'ಓದಲು ಬೆಂಗಳೂರಿಗೆ ಹೋಗುತ್ತೇನೆ.' ಅಲ್ಲಿ ಕೈ ನಿಂತಿತು. ಹೊಸಿಲು ದಾಟುವಾಗ ಯಾರಾದರೂ 'ಹೋಗ್ತೀನಿ' ಅಂದರೆ ನಮ್ಮತ್ತೆ ಒಳಗೆ ಕರೆದು ಕೂರಿಸಿ, ನೀರು ಕುಡಿಸಿ, 'ಹೋಗ್ಬರ್ತೀನಿ' ಅನ್ನಿಸಿಯೇ ಕಳಿಸುತ್ತಿದ್ದರು. ಹೆತ್ತ ಮಗಳ ಬಗ್ಗೆ ಅಂಥ ಮಾತು ಬರೆಯಲೇ? 'ಹೋಗಿಬರುತ್ತೇನೆ' ಎಂದು ಬರೆದು, ಶುಭವಾಗಲಿ ಎಂದು ಕಾಗದದ ಮೂಲೆಗೆ ಅರಿಶಿನ ಹಚ್ಚಿ ಅಂಚೆಗೆ ಕಳಿಸಿದೆ.

ಸಂಜೆ ಇದನ್ನು ಜಂಬದಿಂದ ಹೇಳಿದೆ. ರತ್ನನ ಮುಖ ಬಿಳಿಚಿಕೊಂಡಿತು.

"ಅಮ್ಮಾ, ದಿನಾ ಹೋಗಿಬರೋಳಿಗೆ ಹಾಸ್ಟೆಲ್ ಯಾಕೆ ಕೊಡ್ತಾರೆ?"

"ಅಯ್ಯೋ, ನಾನು ಹಂಗಂದಿದ್ದಲ್ಲ ಕಣೇ!"

"ನೀನಂದಿದ್ದು ಅವ್ರಿಗೆ ಹೆಂಗೆ ಗೊತ್ತಾಗತ್ತೆ?"

ಯಜಮಾನರು ಪತ್ರಿಕೆಯ ಹಿಂದಿನಿಂದಲೇ, "ಇನ್ನೊಂದು ಕಾಗ್ದ ಬರ್ದುಬಿಡೇ, ಹೋಗ್ತಾಳೆ, ಬರೋದಿಲ್ಲ ಅಂತ," ಎಂದರು.

ಬಿಡ್ತು ಅನ್ನಿ ಎಂದು ಗದರಿ ದೇವರ ಮನೆಗೆ ನಡೆದೆ. ಆದರೆ ಅವರು ಹೇಳಿದ್ದು ಸರಿಯೇ. ನಾಲ್ಕು ದಿನ ಲೇಖನಿ ಹಿಡಿದು ಕೂತೆ. 'ಅಲ್ಲಿಯೇ ಇರುತ್ತಾಳೆ' ಎಂದರೆ ಒಂಥರಾ ಸಂಕಟ, 'ದಿನವೂ ಬರುವುದಿಲ್ಲ' ಎಂದರೆ ಇನ್ನೊಂಥರಾ. ಅಪಶಕುನವಿಲ್ಲದ ವಾಕ್ಯವೊಂದು ಕನ್ನಡದಲ್ಲಿ ನನಗೆ ಸಿಗಲೇ ಇಲ್ಲ. ಕಾಗದ ಬರೆಯಲಿಲ್ಲ. ಇವತ್ತಿಗೂ ಕೊರೆಯುವುದು ಮೊದಲ ತಪ್ಪಲ್ಲ, ಇದು.

ಉತ್ತರ ಬಂತು. ಸೀಟು ಕೊಟ್ಟಿದ್ದರು, ಊರಿನಿಂದ ಹೋಗಿಬರುವವಳಾದ್ದರಿಂದ ಹಾಸ್ಟೆಲು ಇಲ್ಲ. ರತ್ನ ಅಳಲಿಲ್ಲ, ಜಗಳವಾಡಲಿಲ್ಲ. "ಸೀಟಾದ್ರೂ ಸಿಕ್ತಲ್ಲಮ್ಮ," ಎಂದು ನನ್ನನ್ನೇ ಸಮಾಧಾನ ಮಾಡಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಈಗ ದಿನವೂ ಬೆಳಗಿನ ರೈಲಿಗೆ ಓಡುತ್ತಾಳೆ, ಸಂಜೆ ಕೂದಲಿಗೆಲ್ಲ ಹೊಗೆಯ ಮಸಿ ಹೊತ್ತು ಬಂದು, ಪುಸ್ತಕ ಬಿಚ್ಚಿದಲ್ಲೇ ತೂಕಡಿಸುತ್ತಾಳೆ. ಹೆಂಗಸರ ಡಬ್ಬಿಯಲ್ಲಿ ಕೂರಲು ಜಾಗ ಸಿಗುತ್ತದೆ, ಅದೊಂದು ದೇವರ ದಯೆ. ಹಾಸ್ಟೆಲಿನಲ್ಲಿ ಒಂದು ಮಂಚ ತೆರವಾಗಲಿ ಎಂದು ಬೆಳಿಗ್ಗೆ ಅವನಿಗೆ ತಪ್ಪದೆ ಕೈಮುಗಿಯುತ್ತೇನೆ. ಮನಃಪೂರ್ವಕವಾಗಿಯೇ ಬೇಡುತ್ತೇನೆ. ಆದರೆ ಸಂಜೆ ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿದ್ದು ಕೇಳಿಸಿದರೆ, ಬೆಳಗಿನ ಬೇಡಿಕೆ ಅವನಿಗೆ ಇನ್ನೂ ಮುಟ್ಟಿರದಿದ್ದರೆ ಸಾಕಪ್ಪಾ ಅನ್ನಿಸಿಬಿಡುತ್ತದೆ.