ಅಜ್ಜಿ ಸಹಿ ಹಾಕದ ಹೇಳಿಕೆ

ನಮ್ಮ ಮನೆಯಲ್ಲಿ ತಾತನ ಟ್ರಂಕು ತೆರೆದಾಗಲೆಲ್ಲ ಒಂದು ನಗೆಪಾಟಲು ಆಗಲೇಬೇಕು. ತಾತ ತಮಿಳುನಾಡಿನ ದಿಂಡಿಗಲ್ ಕೋರ್ಟಿನಲ್ಲಿ ಶಾರ್ಟ್‌ಹ್ಯಾಂಡ್ ಬರೆಯುತ್ತಿದ್ದವರು. ಅವರು ಹೋದ ಮೇಲೆ ಉಳಿದದ್ದು ಟ್ರಂಕು ತುಂಬ ನೋಟ್‌ಬುಕ್ಕು, ಅದರ ತುಂಬ ಕೋಳಿ ಕೆದರಿದಂಥ ಗೀಟು. ಇದನ್ನೆಲ್ಲ ಬರೆಯುತ್ತಿರುವ ನಾನು ಓಡೈಪಟ್ಟಿಯ ದ್ರಾಕ್ಷಿ ತೋಟದವನು. ಮನೆಯಲ್ಲಿ ಕನ್ನಡ ಆಡಿ ತಮಿಳಲ್ಲಿ ಬರೆಯುವ ನಮ್ಮ ಜನದಲ್ಲಿ, ದ್ರಾಕ್ಷಿ ಲಾರಿ ಹತ್ತಿ ಮೈಸೂರಿಗೆ ಹೋಗಿ ಅಂಗಡಿ ಬೋರ್ಡು ನೋಡಿಯೇ ಕನ್ನಡ ಅಕ್ಷರ ಕಲಿತವನು ನಾನೊಬ್ಬನೇ. ಸುಳ್ಳಲ್ಲ, ಊರಲ್ಲಿ ಕೇಳಿ ನೋಡಿ.

ಕರುವಿನ ತಾಯಿತ

ತಾತ ಬದುಕಿದ್ದಾಗಿನ ಮಾತು. ಪಕ್ಕದ ಮನೆಯವರ ಕರು ಮೇವು ಬಿಟ್ಟು ಮಲಗಿತ್ತು. ಆ ಮನೆಯಾಕೆ ತಾತನ ಪುಸ್ತಕದ ಗೀಟು ಕಂಡು ಯಂತ್ರ ಅಂದುಕೊಂಡು, ಹರಿದುಬಿದ್ದ ಒಂದು ಹಾಳೆ ಎತ್ತಿಕೊಂಡು ಹೋಗಿ ಕರುವಿನ ಕೊರಳಿಗೆ ಕಟ್ಟಿಬಿಟ್ಟಳು. ಮಾರನೆ ದಿನ ಕರು ಎದ್ದು ಕುಣಿಯಿತು. ಆಕೆ ಬಾಳೆಹಣ್ಣು ತಂದು ತಾತನ ಕಾಲಿಗೆ ಬಿದ್ದಾಗ ತಾತ ಹಾಳೆ ಬಿಚ್ಚಿ ನೋಡಿ, "ಅಮ್ಮಾ, ಇದು ಕೋಳಿ ಕದ್ದವನ ಮೇಲಿನ ಸಾಕ್ಷಿ" ಅಂದರು.

ಕರು ಬದುಕಿತು, ನಿಜ. ಆದರೆ ಆಮೇಲೆ ಕೋಳಿ ಕಂಡರೆ ಸಾಕು, ತಪ್ಪು ಮಾಡಿದ್ದು ತಾನೇ ಅನ್ನೋ ಹಾಗೆ ಓಡುತ್ತಿತ್ತಂತೆ.

ನನ್ನ ಪಾಂಡಿತ್ಯ

ತಾತ ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅಜ್ಜಿ ಆರು ದಿನದ ಬೈಗುಳ ಕೂಡಿಟ್ಟು ಶನಿವಾರ ಶುರುಮಾಡಿದರೆ ತಾತ ಒಂದು ಮಾತೂ ಎದುರಾಡದೆ, ಪೆನ್ಸಿಲ್ ಚೂಪು ಮಾಡಿಕೊಂಡು ಬರೆಯುತ್ತ ಕೂರುತ್ತಿದ್ದರಂತೆ. ಏನು ಬರೆದರು ಅನ್ನೋದೇ ಅಜ್ಜಿಯ ಹೊಟ್ಟೆಯೊಳಗಿನ ಮುಳ್ಳು.

"ನನ್ನ ಮೇಲೆ ಇಲ್ಲದ್ದೆಲ್ಲ ಬರ್ದವ್ರೆ ಕಣ್ಲಾ. ಈ ಬೋಗಿಯೊಳಗೆ ಯಾರಾದ್ರೂ ಓದಿ ಹೇಳಿದ್ರೆ ಸರಿ, ಇಲ್ಲಾಂದ್ರೆ ಹಳೇ ಚಾಪೆ ಜತೆ ಬೆಂಕಿಗೆ ಆಕ್ಬುಡ್ತೀನಿ" ಅಂದಳು ಅಜ್ಜಿ, ತಾತ ಹೋದ ಮೇಲೆ ಒಂದು ದಿನ. ಪೊಂಗಲ್ ಹಿಂದಿನ ದಿನ ಮನೆಯ ಹಳೇ ಸಾಮಾನೆಲ್ಲ ಸುಡುವ ಬೋಗಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ.

"ನಾನಿಲ್ವಾ?" ಅಂದೆ ನಾನು. ಪುಸ್ತಕ ಬಿಡಿಸಿ ಗಂಭೀರವಾಗಿ ಓದಿದೆ: "ನನ್ನ ಹೆಂಡತಿ ಅಪ್ಪಟ ಬಂಗಾರ..."

ಅಜ್ಜಿ ಎಲೆಯಡಿಕೆ ಜಗಿಯುತ್ತ ಕೇಳಿ, "ಪುಸ್ತಕ ತಲೆಕೆಳಗೆ ಇಡ್ಕಂಡಿದ್ದೀಯ, ಅದಕ್ಕೇ ಅಂಗೆ ಬರ್ತೈತೆ" ಅಂದಳು.

ಮಾಸ್ತರರ ಅನುಮಾನ

ಮರುದಿನವೇ ಬಸ್ಸು ಹತ್ತಿ ದಿಂಡಿಗಲ್‌ಗೆ ಹೋಗಿ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿಸುತ್ತಿದ್ದ ಒಬ್ಬ ವಯಸ್ಸಾದ ಮಾಸ್ತರರನ್ನು ಹಿಡಿದೆ. ಅವರಿಗೆ ತಮಿಳು ಬಿಟ್ಟು ಬೇರೆ ಬಾರದು. ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ತಂಬಿ, ಬೇಜಾರು ಮಾಡ್ಕೋಬೇಡ. ಗೀಟೆಲ್ಲ ಮುತ್ತಿನ ಹಾಗಿವೆ, ಮೊದಲ ನಾಲ್ಕು ಸಾಲು ಓದಿದೆ, ಒಂದಕ್ಕೂ ಅರ್ಥ ಇಲ್ಲ. ನಿಮ್ಮ ತಾತನನ್ನು ಕೋರ್ಟಲ್ಲಿ ಹೇಗೆ ಇಟ್ಟುಕೊಂಡಿದ್ದರು?"

ನನಗೆ ರೋಷ ಬಂತು. "ಜೋರಾಗಿ ಓದಿ ಸಾರ್!"

ಅವರು ಒಂದೊಂದೇ ಸದ್ದು ಕೂಡಿಸಿ ಓದಿದರು: "ಎಲ್... ಓಗಿದ್... ರೀ... ಇಷ್ಟೊತ್ತು?"

ನಾನು ಕುರ್ಚಿಯಿಂದ ಹಾರಿದೆ. ಶಾರ್ಟ್‌ಹ್ಯಾಂಡ್ ಬರೆಯುವುದು ಸದ್ದನ್ನು. ತಾತ ನಮ್ಮ ಮನೆಯ ಕನ್ನಡವನ್ನೇ ತಮಿಳು ಗೀಟಿನಲ್ಲಿ ಇಳಿಸಿದ್ದರು! ಇದನ್ನು ಕಂಡುಹಿಡಿದವನು ನಾನು. ಮಾಸ್ತರರು ಮಾತ್ರ ಹೆದರಿ, "ಕೆಟ್ಟ ಮಾತೇನಾದರೂ ಓದಿದೆನಾ ತಂಬಿ?" ಅಂದರು.

ಹೇಳಿಕೆ

ಬೋಗಿಯ ಹಿಂದಿನ ದಿನ ಮಾಸ್ತರರನ್ನು ಮನೆಗೇ ಕರೆತಂದೆ. ಅಜ್ಜಿ ಹೊಸ ಸೀರೆ ಉಟ್ಟು, ತೀರ್ಪು ಕೇಳುವವಳ ಹಾಗೆ ಕೂತಳು. ಮಾಸ್ತರರು ತಮಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಶುರುಮಾಡಿದರು:

"ಸಂತೆಗೆ ಓಗಿ ಬದನೆಕಾಯ್ ತರೋದು ಮರೆತು, ಛತ್ರೀನೂ ಬುಟ್ಟು ಬಂದ್ರಾ? ಇದು ಎರಡ್ನೇ ಸಲ! ನಾ ತವರಿಗೆ ಓತೀನಿ!"

ಮನೆಯವರೆಲ್ಲ ನಕ್ಕು ನಕ್ಕು ಬಿದ್ದರು. ತಾತ ತಮ್ಮದೊಂದು ಮಾತೂ ಸೇರಿಸಿರಲಿಲ್ಲ. ಅಜ್ಜಿ ಬೈದದ್ದನ್ನು ಬೈದ ಹಾಗೇ ಇಳಿಸಿದ್ದರು. ಕೆಳಗೆ ಮಾತ್ರ ಕೋರ್ಟಿನ ರೂಢಿಯಂತೆ ತಮಿಳಲ್ಲೇ ಒಂದು ಟಿಪ್ಪಣಿ: "ಸಾಕ್ಷಿ ತವರಿಗೆ ಹೋಗಲಿಲ್ಲ. ಊಟ ಬಡಿಸಿದರು."

ಅಜ್ಜಿಯ ಮುಖ ಮೊದಲು ಕೆಂಪಾಯಿತು. ಆಮೇಲೆ ಸೆರಗು ಬಾಯಿಗೆ ಹೋಯಿತು, ಆಮೇಲೆ ಕಣ್ಣಿಗೆ.

ಮಾಸ್ತರರು ತಮಿಳಿನಲ್ಲಿ ಹೇಳಿದರು: "ಅಮ್ಮಾ, ಪ್ರತಿ ಹೇಳಿಕೆ ಕೆಳಗೂ 'ಓದಿ ಹೇಳಿ ಸರಿಯೆಂದು ಒಪ್ಪಿದ್ದು' ಅಂತ ಬರೆದು ನಿಮ್ಮ ಸಹಿಗೆ ಜಾಗ ಬಿಟ್ಟಿದ್ದಾರೆ. ಓದಿ ಹೇಳುವ ಧೈರ್ಯ ಮಾತ್ರ ಬರಲಿಲ್ಲ ಅಂತ ಕಾಣುತ್ತೆ."

"ಪೆನ್ನು ತಾರ್ಲಾ" ಅಂದಳು ಅಜ್ಜಿ. ಓಡಿಹೋಗಿ ನನ್ನ ದುಬಾರಿ ಪೆನ್ನನ್ನೇ ತಂದುಕೊಟ್ಟೆ. ಅಜ್ಜಿ ಹಾಳೆಗೆ ಪೆನ್ನು ಮುಟ್ಟಿಸಿದವಳು ಅಲ್ಲೇ ಕೈ ತಡೆದಳು.

"ಎರಡ್ನೇ ಸಲ ಅಂತ ಅಲ್ವಾ ಓದಿದ್ದು? ಮೂರ್ನೇ ಸಲ ಅದು. ನಂಗೆ ಚೆನ್ನಾಗಿ ಗ್ಯಾಪಕ ಐತೆ. ತಿದ್ದಿಸ್ಲಾ."

ನಾನು ತಮಿಳಿಗೆ ತಿರುಗಿಸಿ ಹೇಳಿದೆ. ಮಾಸ್ತರರು ತಲೆಯಾಡಿಸಿದರು. "ನಾನು ತಿದ್ದೋ ಹಾಗಿಲ್ಲ ಅಮ್ಮಾ. ಬರೆದವರೇ ತಿದ್ದಬೇಕು."

ಅಜ್ಜಿ ಪೆನ್ನಿನ ಮುಚ್ಚಳ ಹಾಕಿದಳು. ಪುಸ್ತಕವನ್ನು ಹಳೇ ಚಾಪೆಯ ಮೇಲಿಂದ ಎತ್ತಿ ಮಡಿಲಿಗೆ ಹಾಕಿಕೊಂಡಳು.

"ಅಂಗಾದ್ರೆ ಇದನ್ನ ಸುಡ್ಬೇಡಿ. ನಾನೂ ಮ್ಯಾಲಕ್ಕೆ ಓದಾಗ ಅವರ ಕೈಲೇ ತಿದ್ದಿಸಿ ಸಹಿ ಆಕ್ತೀನಿ. ಅವರು ಕಾಯ್ಲಿ, ನಂಗೇನೂ ಅವಸರ ಇಲ್ಲ."